ಬಸ್ಸಿಗೊಂದು, ಮಗ್ಗಕ್ಕೊಂದು, ಮನೆಗೊಂದು: ಕಿವಿ ಕೆಡದಂತೆ ಹೆಡ್‌ಫೋನ್ ಆರಿಸುವುದು

ಬೆಳಗಾವಿಯ ಖಡೇಬಜಾರಿನಲ್ಲಾಗಲಿ, ವಿಜಯಪುರದ ಗಾಂಧಿ ಚೌಕದಲ್ಲಾಗಲಿ ಹೆಡ್‌ಫೋನ್ ಕೊಳ್ಳಲು ಬಂದವರು ಕೇಳುವುದು ಮೂರೇ ಪ್ರಶ್ನೆ: ಬೇಸ್ ಹೆಂಗ ಐತಿ, ಚಾರ್ಜ್ ಎಷ್ಟು ತಾಸು ಬರ್ತದ, ರೇಟ್ ಎಷ್ಟು. ಮೂರೂ ಕೇಳಬೇಕಾದವೇ. ಆದರೆ ಕಿವಿಯ ಆಯುಷ್ಯ ನಿಂತಿರುವುದು ನಾಲ್ಕನೆಯ ಪ್ರಶ್ನೆಯ ಮೇಲೆ. ಅದನ್ನು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಕೇಳುವುದಿಲ್ಲ: ಇದನ್ನು ಎಲ್ಲಿ ಕೂತು ಕೇಳ್ತೀರಿ?

ಸದ್ದು ಎಷ್ಟು ಜೋರೆಂದು ಅಳೆಯುವ ಡೆಸಿಬಲ್ ಲೆಕ್ಕ ಹಾಕಿ ವಾಲ್ಯೂಮ್ ಇಟ್ಟುಕೊಳ್ಳುವವರು ಯಾರೂ ಇಲ್ಲ. ಸುತ್ತಲಿನ ಸಪ್ಪಳವನ್ನು ಮೀರಿ ಹಾಡು ಸ್ಪಷ್ಟವಾಗಿ ಕೇಳುವ ತನಕ ಬೆರಳು ಗುಂಡಿ ಒತ್ತುತ್ತಲೇ ಇರುತ್ತದೆ. ಮನೆಯ ಕೋಣೆಯಲ್ಲಿ ಐದನೇ ಮೆಟ್ಟಿಲಿಗೆ ನಿಂತ ಬೆರಳು ಬಸ್ಸಿನಲ್ಲಿ ಹನ್ನೆರಡಕ್ಕೆ ಹೋಗುತ್ತದೆ. ಹಾಡು ಅದೇ, ಹೆಡ್‌ಫೋನ್ ಅದೇ, ಕಿವಿಗೆ ಬೀಳುವ ಪೆಟ್ಟು ಮಾತ್ರ ಎಷ್ಟೋ ಪಟ್ಟು. ಹಾಗಾಗಿ ಹೊರಗಿನ ಸಪ್ಪಳವನ್ನು ಎಷ್ಟು ತಡೆಯುತ್ತದೆ ಎಂಬುದೇ ಹೆಡ್‌ಫೋನಿನ ಮೊದಲ ಗುಣ. ಉಳಿದ ಗುಣಗಳೆಲ್ಲ ಅದರ ನಂತರ.

ವಾರಕ್ಕೊಂದು ಪಡಿ

ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2019ರಲ್ಲಿ ಹೊರತಂದ ಮಾನದಂಡದಲ್ಲಿ ಕಿವಿಗೆ ವಾರದ ಪಡಿ ಇಷ್ಟೆಂದು ಗೊತ್ತು ಮಾಡಿದ್ದಾರೆ. ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ತಾಸು. ಮಕ್ಕಳಿಗೆ 75 ಡೆಸಿಬಲ್‌ನಲ್ಲಿ 40 ತಾಸು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ತಾಸು, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ, 95ಕ್ಕೆ ಒಂದೂಕಾಲು ತಾಸು. 100 ಡೆಸಿಬಲ್ ಮುಟ್ಟಿದರೆ ಇಪ್ಪತ್ತು ನಿಮಿಷ ಚಿಲ್ಲರೆ, ಅದೂ ಇಡೀ ವಾರಕ್ಕೆ ಸೇರಿ.

ಇಲ್ಲಿ ಮೋಸ ಹೋಗುವುದು ಹೇಗೆಂದರೆ, 3 ಡೆಸಿಬಲ್ ಏರಿದ್ದು ಕಿವಿಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಸದ್ದಿನ ಶಕ್ತಿ ಇಮ್ಮಡಿಯಾಗಿರುತ್ತದೆ, ನಮಗೆ ಮಾತ್ರ "ಒಂದೀಟು ಜಾಸ್ತಿ" ಅನ್ನಿಸುತ್ತದೆ. ಸದ್ದು ಎರಡರಷ್ಟಾಯಿತು ಎಂದು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅಷ್ಟರಲ್ಲಿ ಶಕ್ತಿ ಹತ್ತು ಪಟ್ಟಾಗಿರುತ್ತದೆ, ಹೊತ್ತಿನ ಪಡಿ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ.

ಈ ಪಡಿ ಹೆಡ್‌ಫೋನಿಗೆ ಮಾತ್ರ ಸೇರಿದ್ದೂ ಅಲ್ಲ. ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಡಿಜೆ ಡಬ್ಬಿಗಳ ಪಕ್ಕ ಅರ್ಧ ತಾಸು ಕುಣಿದರೆ ಆ ವಾರದ ಪಡಿ ಅಲ್ಲೇ ಮುಗಿದಂತೆ. ಮಗ್ಗದ ಸದ್ದು, ಟ್ರ್ಯಾಕ್ಟರಿನ ಸದ್ದು, ಹಿಟ್ಟಿನ ಗಿರಣಿಯ ಸದ್ದು, ರಾತ್ರಿ ಕೇಳಿದ ಹಾಡು ಎಲ್ಲವೂ ಒಂದೇ ಖಾತೆಗೆ ಜಮೆಯಾಗುತ್ತವೆ. ಮೆರವಣಿಗೆಗೆ ಹೋಗಿ ಬಂದ ಮೇಲೆ ಮೂರ್ನಾಲ್ಕು ದಿನ ಹೆಡ್‌ಫೋನ್ ಮುಟ್ಟದಿರುವುದು ಕಿವಿಗೆ ಕೊಡುವ ನಿಜವಾದ ವಿಶ್ರಾಂತಿ.

ಕೆಡುವುದು ಎಲ್ಲಿ

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಂದು ಅಂಗವಿದೆ, ಕಾಕ್ಲಿಯಾ. ಅದರೊಳಗೆ ಸಾಲಾಗಿ ನಿಂತ ಸೂಕ್ಷ್ಮ ಕೂದಲು ಕೋಶಗಳೇ ಸದ್ದಿನ ಅಲೆಯನ್ನು ನರಕ್ಕೆ ದಾಟಿಸುವುದು. ಒಂದು ಕಿವಿಗೆ ಹೆಚ್ಚುಕಡಿಮೆ 15,000. ಚರ್ಮ ಹರಿದರೆ ಕೂಡುತ್ತದೆ, ಎಲುಬು ಮುರಿದರೆ ಕೂಡುತ್ತದೆ, ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿನ ಪೆಟ್ಟು ಮೊದಲು ಬೀಳುವುದು 3,000ದಿಂದ 6,000 ಹರ್ಟ್ಸ್ ಕೇಳಿಸುವ ಭಾಗಕ್ಕೆ, ಅದರಲ್ಲೂ 4,000 ಹರ್ಟ್ಸ್ ಆಸುಪಾಸಿಗೆ. ಹರ್ಟ್ಸ್ ಎಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕ, ಅದು ಹೆಚ್ಚಿದಷ್ಟೂ ದನಿ ಕೀರಲು.

ಇದರಿಂದಾಗಿ ಕಿವಿ ಕೆಟ್ಟದ್ದು ಬಹಳ ದಿನ ಗೊತ್ತಾಗುವುದಿಲ್ಲ. ಅ, ಆ, ಓ ಮೊದಲಾದ ಸ್ವರಗಳು ಕೆಳಗಿನ ಹರ್ಟ್ಸಿನವು, ಅವು ಗಟ್ಟಿಯಾಗಿಯೇ ಕೇಳುತ್ತವೆ. ಸ, ಶ, ಚ, ಕ, ತ ಮೊದಲಾದ ವ್ಯಂಜನಗಳ ಅಂಚು ಮೇಲಿನ ಹರ್ಟ್ಸಿನದು, ಅದೇ ಮೊದಲು ಸವೆಯುವುದು. ಅಡುಗೆಮನೆಯಿಂದ ಅವ್ವ "ಹಾಸು" ಅಂದಳೋ "ಹಾಕು" ಅಂದಳೋ ತಿಳಿಯದೆ "ಏನಂದಿ?" ಎನ್ನುವುದು ಹೆಚ್ಚುತ್ತದೆ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಆಚೆ ಬದಿಯಿಂದ ಪಿಸುಗುಟ್ಟಿದ್ದು ಈಚೆ ಬದಿಗೆ ಕೇಳುತ್ತದಲ್ಲ, ಆ ಪಿಸುಮಾತಿನಲ್ಲಿ ಗಂಟಲಿನ ಕಂಪನವೇ ಇರುವುದಿಲ್ಲ, ಬರೀ ಉಸಿರಿನ ಸದ್ದು. ಮೇಲಿನ ಹರ್ಟ್ಸ್ ಸವೆದ ಕಿವಿಗೆ ಮೊದಲು ಕೈತಪ್ಪುವುದು ಇಂಥ ಮಾತೇ. ಹಾಡು ಜೋರಾಗಿ ಕೇಳುತ್ತಿದೆ, ಡೋಲಿನ ಪೆಟ್ಟು ಎದೆಗೆ ತಾಗುತ್ತಿದೆ, ಹಾಗಾದರೆ ಕಿವಿ ಸರಿಯಾಗಿದೆ ಎಂದು ತಿಳಿಯುವುದು ತಪ್ಪು ಲೆಕ್ಕ.

ಬಸ್ಸು, ರೈಲಿಗೆ

ಬೆಳಗಾವಿಯಿಂದ ಬಾಗಲಕೋಟೆಗೆ ಯರಗಟ್ಟಿ, ಲೋಕಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಎಂಜಿನ್ನಿನ ಗುಡುಗು, ಗಾಜು ಅದುರುವ ಸದ್ದು, ಗಾಳಿ ಎಲ್ಲ ಸೇರಿ 78 ಡೆಸಿಬಲ್ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಹಾಡಿನ ಮಾತು ಸ್ಪಷ್ಟವಾಗಿ ಕೇಳಬೇಕೆಂದರೆ 10 ಡೆಸಿಬಲ್ ಮೇಲಿರಬೇಕು, ಅಂದರೆ 88. ಅಷ್ಟು ಸದ್ದಿಗೆ ವಾರದ ಪಡಿ ಆರು ತಾಸಿನ ಮೇಲೆ ಸ್ವಲ್ಪ. ಹೋಗಿ ಬರುವುದರೊಳಗೆ ಪಡಿ ಖಾಲಿ. ಅದೇ ಕಿವಿಯ ತೂತನ್ನು ಸರಿಯಾಗಿ ಮುಚ್ಚುವ ಇಯರ್‌ಫೋನ್ ಹೊರಗಿನ ಸಪ್ಪಳದಲ್ಲಿ 15 ಡೆಸಿಬಲ್ ತಡೆದರೆ ಒಳಗೆ ಉಳಿಯುವುದು 63. ಹಾಡು 73ಕ್ಕಿದ್ದರೂ ಅಷ್ಟೇ ಸ್ಪಷ್ಟ. ವಾರವಿಡೀ ಓಡಾಡಿದರೂ ತೊಂದರೆಯಿಲ್ಲ. ಆಯ್ಕೆಯ ಸಾರವೆಲ್ಲ ಈ 15 ಡೆಸಿಬಲ್‌ನಲ್ಲಿದೆ.

ರಬ್ಬರ್ ಇಲ್ಲದ, ಕಿವಿಯ ಬಾಯಲ್ಲಿ ಸುಮ್ಮನೆ ಕೂರುವ ಬಡ್ಸ್ ಬಸ್ಸಿಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನೋಡಲು ಚೆಂದ, ಕಿವಿಗೆ ಹಗುರ, ತಡೆಯುವುದು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನದೆಲ್ಲ ಒಳಗೆ ಬರುತ್ತದೆ, ಬೆರಳು ಮೇಲೇರುತ್ತದೆ. ಸಿಲಿಕೋನ್ ರಬ್ಬರಿನ ತುದಿ ಇರುವ ಇಯರ್‌ಫೋನ್, ವೈರಿನದಾಗಲಿ ನೆಕ್‌ಬ್ಯಾಂಡ್ ಆಗಲಿ ಬಡ್ಸ್ ಆಗಲಿ, ಸರಿಯಾಗಿ ಕೂತರೆ 15ರಿಂದ 25 ಡೆಸಿಬಲ್ ತಡೆಯುತ್ತದೆ. ಫೋಮ್ ತುದಿ ಇನ್ನೂ ಒಂದಿಷ್ಟು ಹೆಚ್ಚು ತಡೆಯುತ್ತದೆ, ಆದರೆ ಕೆಲವೇ ತಿಂಗಳಲ್ಲಿ ಹಿಂಜಿ ಸಡಿಲವಾಗುತ್ತದೆ, ಬದಲಿಸುತ್ತಲೇ ಇರಬೇಕು. ಕೆಲವು ನೂರು ರೂಪಾಯಿಯ ವೈರಿನ ಇಯರ್‌ಫೋನಿಗೆ ಸರಿಯಾದ ಅಳತೆಯ ರಬ್ಬರ್ ಹಾಕಿದರೆ, ಕಿವಿ ಉಳಿಸುವ ಮಟ್ಟಿಗೆ ಅದು ಸಾವಿರಾರು ರೂಪಾಯಿಯ ತೆರೆದ ಬಡ್ಸನ್ನು ಹಿಂದೆ ಹಾಕುತ್ತದೆ. ಇದರಲ್ಲಿ ನಮಗೆ ಎರಡನೇ ಮಾತಿಲ್ಲ.

ಆದರೆ "ಸರಿಯಾಗಿ ಕೂತರೆ" ಎಂಬ ಮಾತು ಮುಖ್ಯ. ಪೆಟ್ಟಿಗೆಯಲ್ಲಿ ಸಣ್ಣ, ನಡು, ದೊಡ್ಡ ಎಂದು ಮೂರು ಜೋಡಿ ರಬ್ಬರ್ ಇರುತ್ತವೆ. ನಡುವಿನದು ಮೊದಲೇ ಹಾಕಿರುತ್ತಾರೆ, ಹೆಚ್ಚಿನವರು ಉಳಿದ ಎರಡು ಜೋಡಿಯನ್ನು ಪೆಟ್ಟಿಗೆಯೊಂದಿಗೆ ಎಸೆದುಬಿಡುತ್ತಾರೆ. ಎಸೆಯಬೇಡಿ. ಎಡ ಕಿವಿಗೆ ಸಣ್ಣದು, ಬಲ ಕಿವಿಗೆ ನಡುವಿನದು ಹೊಂದುವುದೂ ಸಾಮಾನ್ಯ. ಹಾಕುವಾಗ ಬಲಗಿವಿಯಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ. ಒಳದಾರಿ ನೆಟ್ಟಗಾಗುತ್ತದೆ. ಬಲಗೈಯಿಂದ ಇಯರ್‌ಫೋನ್ ಸ್ವಲ್ಪ ತಿರುಗಿಸುತ್ತ ಕೂರಿಸಿ, ಆಮೇಲೆ ಕಿವಿ ಬಿಡಿ. ಈಗ ಬೇಸ್ ಇರುವ ಹಾಡನ್ನು ಸಣ್ಣಗೆ ಹಾಕಿ, ಎರಡೂ ಕಡೆ ಬೆರಳಿಂದ ಹಗುರಾಗಿ ಒತ್ತಿ ನೋಡಿ. ಒತ್ತಿದಾಗ ಬೇಸ್ ಎದ್ದು ಬಂದು, ಬಿಟ್ಟಾಗ ಬಿದ್ದು ಹೋದರೆ ರಬ್ಬರ್ ಸಣ್ಣದಾಗಿದೆ, ಸಂದಿಯಿಂದ ಸೋರುತ್ತಿದೆ. ಒತ್ತಿದರೂ ಬಿಟ್ಟರೂ ಒಂದೇ ಥರ ಇದ್ದು, ನಿಮ್ಮದೇ ಮಾತು ಕೊಡದೊಳಗೆ ಮಾತಾಡಿದಂತೆ ಗುಂಯ್‌ಗುಟ್ಟಿದರೆ ಸರಿಯಾಗಿ ಕೂತಿದೆ. ಹತ್ತು ನಿಮಿಷದಲ್ಲಿ ನೋವು ಬಂದರೆ ದೊಡ್ಡದಾಯಿತು. ಬೇಸ್ ಸಾಲದು ಎಂದು ವಾಲ್ಯೂಮ್ ಏರಿಸುವವರಲ್ಲಿ ಹಲವರಿಗೆ ಬೇಕಾಗಿದ್ದು ಒಂದು ಅಳತೆ ದೊಡ್ಡ ರಬ್ಬರ್ ಮಾತ್ರ.

ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಎಎನ್‌ಸಿ, ಇದರ ಮೇಲೆ ಇನ್ನೊಂದು ಪದರ. ಹೊರಗಿನ ಸಪ್ಪಳವನ್ನು ಸಣ್ಣ ಮೈಕು ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಒಳಗೆ ನುಡಿಸುತ್ತದೆ. ಎರಡೂ ಒಂದನ್ನೊಂದು ನುಂಗುತ್ತವೆ. ಇದು ಚೆನ್ನಾಗಿ ನಡೆಯುವುದು 1,000 ಹರ್ಟ್ಸ್ ಒಳಗಿನ, ಒಂದೇ ಸಮನೆ ಬರುವ ಸದ್ದಿಗೆ: ಬಸ್ಸಿನ ಎಂಜಿನ್, ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಬೋಗಿಯ ಗುಡುಗು, ಫ್ಯಾನ್. ಕಂಡಕ್ಟರನ ಸೀಟಿ, ಹಾರ್ನು, ಹಿಂದಿನ ಸೀಟಿನ ಹರಟೆಗೆ ಅದರ ಆಟ ನಡೆಯುವುದಿಲ್ಲ. ಅವನ್ನು ತಡೆಯಬೇಕಾದದ್ದು ರಬ್ಬರೇ. ರಬ್ಬರಿಲ್ಲದ ಬಡ್ಸಿಗೆ ಎಎನ್‌ಸಿ ಹಾಕಿದ್ದನ್ನು ಕೊಳ್ಳುವುದು ಬಾಗಿಲು ತೆರೆದಿಟ್ಟು ಎಸಿ ಹಚ್ಚಿದಂತೆ. ರಬ್ಬರ್ ತುದಿಯೂ ಎಎನ್‌ಸಿಯೂ ಎರಡೂ ಇರುವ ಬಡ್ಸ್ ಸುಮಾರು ಎರಡು ಸಾವಿರದಿಂದ ಸಿಗುತ್ತವೆ. ನಿಪ್ಪಾಣಿ, ಚಿಕ್ಕೋಡಿ, ಗೋಕಾಕದಿಂದ ದಿನಾ ಬೆಳಗಾವಿಗೆ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಒಂದು ಕ್ರಮ ಮಾತ್ರ ತಪ್ಪಬಾರದು. ಮೊದಲು ಬಡ್ಸ್ ಕೂರಿಸಿ, ಎಎನ್‌ಸಿ ಹಚ್ಚಿ, ಆಮೇಲೆ ವಾಲ್ಯೂಮನ್ನು ಸೊನ್ನೆಯಿಂದ ಮೇಲೆ ತನ್ನಿ. ಹಾಡು ಜೋರಾಗಿ ಇಟ್ಟ ಮೇಲೆ ಎಎನ್‌ಸಿ ಹಚ್ಚಿದರೆ ಸಪ್ಪಳ ಇಳಿಯುತ್ತದೆ, ವಾಲ್ಯೂಮ್ ಮಾತ್ರ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಇಷ್ಟವಾದ ಹಾಡನ್ನು ಇಳಿಸಲು ಯಾರ ಮನಸ್ಸೂ ಒಪ್ಪುವುದಿಲ್ಲ. ಇಳಿದು ರಸ್ತೆ ದಾಟುವಾಗ, ಹಳಿ ದಾಟುವಾಗ ಎರಡೂ ಕಿವಿಯಿಂದ ತೆಗೆಯಲೇಬೇಕು. ಬೈಕಿನ ಮೇಲಂತೂ ಬೇಡವೇ ಬೇಡ: ಹಿಂದಿನ ಲಾರಿಯ ಹಾರ್ನ್ ಕೇಳುವುದಿಲ್ಲ, ಜೊತೆಗೆ ಹೆಲ್ಮೆಟಿನೊಳಗೆ ಗಾಳಿಯೇ ಅಷ್ಟು ಸದ್ದು ಮಾಡುವುದರಿಂದ ಹಾಡನ್ನು ಅದಕ್ಕೂ ಮೇಲೆ ಏರಿಸಬೇಕಾಗುತ್ತದೆ.

ಮಗ್ಗದ ಶೆಡ್ಡು, ಕಬ್ಬಿನ ಟ್ರ್ಯಾಕ್ಟರ್

ರಬಕವಿ-ಬನಹಟ್ಟಿಯಲ್ಲಿ, ಬೆಳಗಾವಿಯ ವಡಗಾವಿ, ಖಾಸಬಾಗದಲ್ಲಿ ಪವರ್‌ಲೂಮಿನ ಮುಂದೆ ನಿಂತು ಇಯರ್‌ಫೋನಿನಲ್ಲಿ ಹಾಡು ಕೇಳುತ್ತ ನೇಯುವವರು ಬಹಳ. ದಿನವಿಡೀ ಒಂದೇ ಕೆಲಸ, ಹಾಡು ಬೇಕೆನ್ನಿಸುವುದು ಸಹಜ. ಆದರೆ ಈ ಲೇಖನದಲ್ಲಿ ನಾವು ಅತಿ ಹೆಚ್ಚು ಕಾಳಜಿಯಿಂದ ಹೇಳುವ ಮಾತು ಇವರಿಗೇ.

ಲಾಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿ ಪೆಟ್ಟಿಗೆಗೆ ಬಡಿಯುವ ಸದ್ದು ಎಂಜಿನ್ನಿನಂತೆ ಒಂದೇ ಸಮನೆ ಹರಿಯುವುದಲ್ಲ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬೀಳುವ ಚಟ್‌ಚಟ್ ಪೆಟ್ಟು, ಅದರ ಶಕ್ತಿಯೂ ಮೇಲಿನ ಹರ್ಟ್ಸಿನಲ್ಲಿ ಬಹಳ. ಎಎನ್‌ಸಿ ಇದರ ಮುಂದೆ ಹೆಚ್ಚು ಮಾಡಲಾರದು. ಲಾಳಿ ಮಗ್ಗದ ಶೆಡ್ಡಿನಲ್ಲಿ ಸದ್ದು 95 ಡೆಸಿಬಲ್ ದಾಟುವುದು ಸಾಮಾನ್ಯ. ಕೆಲಸದ ಜಾಗಕ್ಕೆ ಅಮೆರಿಕದ ನಯಾಶ್ (NIOSH) ಎಂಬ, ಕೆಲಸಗಾರರ ಸುರಕ್ಷತೆಯ ಸಂಸ್ಥೆ ಹೇಳುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ತಾಸು. ಅದೇ ಲೆಕ್ಕದಲ್ಲಿ 95ಕ್ಕೆ 48 ನಿಮಿಷ. ಪಾಳಿ 8 ತಾಸಿನದು. ಅಂದರೆ ಹಾಡೇ ಇಲ್ಲದೆಯೂ ಮಿತಿಯ ಹತ್ತು ಪಟ್ಟು. ಇದರ ಮೇಲೆ ರಬ್ಬರ್ ಇಯರ್‌ಫೋನ್ ಹಾಕಿ 97 ಡೆಸಿಬಲನ್ನು 77ಕ್ಕೆ ಇಳಿಸಿಕೊಂಡರು ಎನ್ನಿ, ಒಳಗೆ ಹಾಡನ್ನು 87ಕ್ಕೆ ಏರಿಸಿದರೆ ದಿನದ ಮಿತಿ ಐದು ತಾಸಿಗೇ ಮುಗಿಯುತ್ತದೆ, ಪಾಳಿಯಲ್ಲಿ ಮೂರು ತಾಸು ಇನ್ನೂ ಬಾಕಿ ಇರುತ್ತದೆ.

ಇಲ್ಲಿ ಹೋಲಿಸಬೇಕಾದದ್ದು ಬೇರೆ ಸಾಮಾನು. ಮೊದಲನೆಯದು ಫೋಮಿನ ಇಯರ್‌ಪ್ಲಗ್, ಜೋಡಿಗೆ ಹತ್ತಿಪ್ಪತ್ತು ರೂಪಾಯಿ. ಬಳಸುವ ರೀತಿ ಗೊತ್ತಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ: ಕೈ ತೊಳೆದು, ಬೆರಳ ತುದಿಯಲ್ಲಿ ಊದುಬತ್ತಿ ಹೊಸೆದಂತೆ ಹೊಸೆದು ಸಣ್ಣ ಕಡ್ಡಿ ಮಾಡಿ, ಮೇಲೆ ಹೇಳಿದಂತೆ ಕಿವಿ ಎಳೆದು ಒಳಗೆ ತೂರಿಸಿ, ಬೆರಳಿಂದ ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಹಾಗೆ ಹಿಡಿಯದಿದ್ದರೆ ಅದು ಉಬ್ಬುತ್ತ ಹೊರಗೆ ಜಾರಿ ಬರುತ್ತದೆ. ಪೊಟ್ಟಣದ ಮೇಲೆ 32 ಡೆಸಿಬಲ್ ಎಂದಿದ್ದರೂ ಕೆಲಸದಲ್ಲಿ ಸಿಗುವುದು ಅದರ ಅರ್ಧ ಎಂದು ಹಿಡಿಯಿರಿ. ಎರಡನೆಯದು ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್, ಸೆಕೆಯಲ್ಲಿ ಬೆವರಿಸುತ್ತದೆ, ಆದರೆ ಹಾಕುವುದರಲ್ಲಿ ತಪ್ಪಾಗುವುದು ಕಡಿಮೆ. ಮೂರನೆಯದು ಹಾಡೂ ಬೇಕೆನ್ನುವವರಿಗೆ: ಒಳಗಿನ ಸದ್ದನ್ನು 82 ಡೆಸಿಬಲ್ಲಿಗೆ ಕಟ್ಟಿಹಾಕಿದ ಬ್ಲೂಟೂತ್ ಇಯರ್‌ಮಫ್, ಕೈಗಾರಿಕಾ ಸುರಕ್ಷತೆಯ ಸಾಮಾನು ಮಾರುವಲ್ಲಿ ಸಿಗುತ್ತದೆ. ದುಬಾರಿ, ಆದರೆ ಮಗ್ಗದ ಮುಂದೆ ಹಾಡು ಕೇಳಲು ನಾವು ಒಪ್ಪುವುದು ಇದೊಂದನ್ನೇ. ಕೊಳ್ಳಲಾಗದಿದ್ದರೆ ಫೋಮ್ ಹಾಕಿ, ಹಾಡನ್ನು ಮನೆಗೆ ಉಳಿಸಿಕೊಳ್ಳಿ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಇಳಕಲ್ಲಿನ ಗ್ರಾನೈಟ್ ಕಟಿಂಗಿನಲ್ಲಿ ಇರುವವರಿಗೂ ಇದೇ ಮಾತು.

ಕಬ್ಬಿನ ಹಂಗಾಮಿನಲ್ಲಿ ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಡ್ರೈವರ್ ಸೀಟಿನ ಹಿಂದೆಯೇ ಎರಡು ಡಬ್ಬಿ ಕಟ್ಟಿ ರಾತ್ರಿಯಿಡೀ ಹಾಡು ಹಚ್ಚಿಕೊಂಡು ಫ್ಯಾಕ್ಟರಿಯ ಸಾಲಿನಲ್ಲಿ ನಿಲ್ಲುವುದುಂಟು. ನಿದ್ದೆ ಬಾರದಿರಲಿ ಎಂಬ ಕಾರಣ ಅರ್ಥವಾಗುವಂಥದ್ದು. ಡಬ್ಬಿಗಳನ್ನು ತಲೆಯ ಹಿಂದಿನಿಂದ ತೆಗೆದು ಮುಂದೆ, ಮಡ್‌ಗಾರ್ಡಿನ ಕೆಳಮಟ್ಟಕ್ಕೆ ಇಳಿಸಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸಾಲಿನಲ್ಲಿ ಎಂಜಿನ್ ಬಂದ್ ಮಾಡಿದಾಗ ವಾಲ್ಯೂಮನ್ನೂ ಇಳಿಸಿ. ಎಂಜಿನ್ ಮೀರಲು ಇಟ್ಟ ಸದ್ದು, ಎಂಜಿನ್ ನಿಂತ ಮೇಲೂ ಹಾಗೇ ಬಡಿಯುತ್ತಿರುತ್ತದೆ.

ಮನೆಗೆ, ಓದುವ ಕೋಣೆಗೆ

ಮನೆ ಶಾಂತವಾಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು ಹೆಡ್‌ಫೋನೇ ಅಲ್ಲ, ಕೈಯಳತೆ ದೂರದಲ್ಲಿಟ್ಟ ಸಣ್ಣ ಸ್ಪೀಕರ್. ಮಾತಿನ ಮಟ್ಟಕ್ಕಿಟ್ಟು ಎಷ್ಟು ಹೊತ್ತು ಕೇಳಿದರೂ ಪಡಿ ಖರ್ಚಾಗುವುದಿಲ್ಲ. ಜೋರಾದರೆ ಮನೆಯವರು ತಾವೇ ಬಂದು ಇಳಿಸುತ್ತಾರೆ, ಹೆಡ್‌ಫೋನಿಗೆ ಆ ಕಾವಲು ಇಲ್ಲ.

ಪಿಯುಸಿ, ಸ್ಪರ್ಧಾತ್ಮಕ ಪರೀಕ್ಷೆ ಎಂದು ದಿನಕ್ಕೆ ಐದಾರು ತಾಸು ಆನ್‌ಲೈನ್ ಪಾಠ ಕೇಳುವವರಿಗೆ ಕಿವಿಯನ್ನು ಸುತ್ತುವರಿದು ಕೂರುವ, ವೈರಿನ ದೊಡ್ಡ ಹೆಡ್‌ಫೋನ್ ಹೊಂದುತ್ತದೆ. ಕಿವಿಯೊಳಗೆ ಏನೂ ತುರುಕುವುದಿಲ್ಲ, ಕಿವಿ ತುರಿಕೆ ಕಡಿಮೆ. ಎರಡು ಸಂಗತಿ ನೋಡಿ ಕೊಳ್ಳಿ. ಚಾಳೀಸು ಹಾಕುವವರಾದರೆ ಅದರ ಕಡ್ಡಿ ಕಿವಿದಿಂಬಿನಡಿ ಸಂದಿ ಮಾಡಿ ಬೇಸ್ ಸೋರುತ್ತದೆ, ಮೆತ್ತನೆಯ ದಿಂಬು ಇರುವುದನ್ನು ಚಾಳೀಸು ಹಾಕಿಕೊಂಡೇ ಪರೀಕ್ಷಿಸಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಮೇ ಬಿಸಿಲಿಗೆ ರೆಕ್ಸಿನ್ ದಿಂಬು ಅರ್ಧ ತಾಸಿಗೆ ಬೆವರುತ್ತದೆ, ಬಟ್ಟೆಯ ದಿಂಬು ವಾಸಿ. ಕಿವಿಯ ಮೇಲೆ ಒತ್ತಿ ಕೂರುವ ಸಣ್ಣ ದಿಂಬಿನ ಬಗೆಯನ್ನು ಬಿಟ್ಟುಬಿಡಿ: ತಡೆಯುವುದೂ ಕಡಿಮೆ, ನೋವೂ ಹೆಚ್ಚು.

ಪಾಠದ ವಿಡಿಯೋಗಳಲ್ಲಿ ಒಂದು ತೊಂದರೆ ಹಾಡಿನಲ್ಲಿ ಇರುವುದಿಲ್ಲ. ಮೇಷ್ಟ್ರ ದನಿ ಸಣ್ಣಗೆ ರೆಕಾರ್ಡ್ ಆಗಿರುತ್ತದೆ, ವಿದ್ಯಾರ್ಥಿ ವಾಲ್ಯೂಮ್ ತುದಿಗೆ ಒಯ್ಯುತ್ತಾನೆ, ನಡುವೆ ಜಾಹೀರಾತು ಧಡ್ ಎಂದು ಬಡಿಯುತ್ತದೆ. ಯೂಟ್ಯೂಬಿನ ಗೇರ್ ಗುರುತಿನ ಮೆನುವಿನಲ್ಲಿ ಸ್ಟೇಬಲ್ ವಾಲ್ಯೂಮ್ ಎಂಬುದಿದೆ, ಹಚ್ಚಿಡಿ. ಒಂದೇ ವಿಡಿಯೋದೊಳಗಿನ ಏರಿಳಿತವನ್ನು ಅದು ಸಮ ಮಾಡುತ್ತದೆ. ಜಾಹೀರಾತಿಗೆ ಮದ್ದು, ತುದಿಯವರೆಗೆ ಏರಿಸದಂತೆ ಫೋನಿನಲ್ಲೇ ಬೇಲಿ ಹಾಕುವುದು, ಅದನ್ನು ಮುಂದೆ ಹೇಳಿದ್ದೇವೆ.

ಮಕ್ಕಳಿಗೆ

"85 ಡೆಸಿಬಲ್ ಲಿಮಿಟ್" ಎಂದು ಬರೆದ ಮಕ್ಕಳ ಹೆಡ್‌ಫೋನ್ ಕೊಟ್ಟರೆ ಎಷ್ಟು ಹೊತ್ತು ಬೇಕಾದರೂ ಕೇಳಬಹುದು ಎಂದು ಅಪ್ಪ ಅವ್ವ ನಂಬುತ್ತಾರೆ. ಮಕ್ಕಳ ಪಡಿ 75ರಿಂದ ಶುರುವಾಗುವುದರಿಂದ 85ಕ್ಕೆ ವಾರಕ್ಕೆ ಸಿಗುವುದು 4 ತಾಸು ಮಾತ್ರ. ದಿನಕ್ಕೆ ಅರ್ಧ ತಾಸು ಚಿಲ್ಲರೆ. ಮಿತಿಯ ಹೆಡ್‌ಫೋನ್ ಒಳ್ಳೆಯದೇ, ಕೊಡಿ, ಜೊತೆಗೆ ಹೊತ್ತೂ ಕಟ್ಟಿ. ಕೆಲವು ಅಗ್ಗದ ಮಾದರಿಗಳಲ್ಲಿ ಮಿತಿ ಇರುವುದು ನಡುವೆ ಜೋಡಿಸುವ ಒಂದು ತುಂಡು ವೈರಿನಲ್ಲಿ. ಮಗು ಅದನ್ನು ಕಿತ್ತು ನೇರ ಸಿಕ್ಕಿಸಿದರೆ ಮಿತಿಯೇ ಹೋಯಿತು. ಮಿತಿ ಹೆಡ್‌ಫೋನಿನ ಒಳಗೇ ಇರುವುದನ್ನು ಆರಿಸಿ. ಮಗುವಿನ ಹೆಡ್‌ಫೋನ್ ಹಾಡು ಪಕ್ಕದಲ್ಲಿ ಕೂತವರಿಗೆ ಪದ ಸಮೇತ ಕೇಳುತ್ತಿದ್ದರೆ ಇಳಿಸಿ.

ನಡಿಗೆಗೆ: ಎಲುಬಿನ ಮೂಲಕ ಕೇಳಿಸುವುದು

ಬೋನ್ ಕಂಡಕ್ಷನ್ ಹೆಡ್‌ಫೋನ್ ಕಿವಿಯ ತೂತಿಗೆ ಹೋಗುವುದಿಲ್ಲ, ಕೆನ್ನೆಯ ಎಲುಬಿನ ಮೇಲೆ ಕೂತು ಅದನ್ನು ಅದುರಿಸುತ್ತದೆ. "ಕಿವಿಗೇ ಹೋಗೋದಿಲ್ಲ, ಹಂಗಾಗಿ ಸೇಫ್" ಎನ್ನುವುದು ತಪ್ಪು. ಅದುರು ಕೊನೆಗೆ ತಲುಪುವುದು ಅದೇ ಕಾಕ್ಲಿಯಾಗೆ, ಅದೇ ಕೂದಲು ಕೋಶಗಳಿಗೆ. ಅದು ತಪ್ಪಿಸುವುದು ಕಿವಿಯ ದಾರಿಯ ಬೆವರು, ತುರಿಕೆ, ಸೋಂಕು. ರಸ್ತೆಯ ಸದ್ದು ಪೂರ್ತಿ ಕೇಳುವುದರಿಂದ ಬೆಳಗಿನ ವಾಕಿಂಗಿಗೆ ಇದೇ ಸರಿ, ಅದೂ ನಿಶ್ಶಬ್ದ ರಸ್ತೆಯಲ್ಲಿ. ಬಸ್ಸಿನಲ್ಲಿ ಹಾಕಿದರೆ ತೆರೆದ ಬಡ್ಸಿನ ಕಥೆಯೇ.

ವೈರು, ಬ್ಲೂಟೂತು, ಪೆಟ್ಟಿಗೆಯ ಮೇಲಿನ ಅಂಕಿ

ಕಿವಿಯ ಮಟ್ಟಿಗೆ ವೈರು, ಬ್ಲೂಟೂತುಗಳಲ್ಲಿ ಮೇಲು ಕೀಳಿಲ್ಲ. ವೈರಿನದನ್ನು ಕೊಳ್ಳುವಾಗ ಪೆಟ್ಟಿಗೆಯ ಹಿಂದಿನ ಎರಡು ಅಂಕಿ ಓದಿ: ಸೆನ್ಸಿಟಿವಿಟಿ, ಅಂದರೆ ಒಂದು ಮಿಲಿವ್ಯಾಟ್ ಕೊಟ್ಟರೆ ಎಷ್ಟು ಸದ್ದು ಬರುತ್ತದೆ ಎಂಬುದು, ಮತ್ತು ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ. ಸೆನ್ಸಿಟಿವಿಟಿ 105 ಡೆಸಿಬಲ್, ಇಂಪೀಡೆನ್ಸ್ 32 ಓಮ್ ಇರುವ ಇಯರ್‌ಫೋನಿಗೆ ಫೋನು ಅರ್ಧ ವೋಲ್ಟ್ ಕೊಟ್ಟರೆ ಸುಮಾರು 8 ಮಿಲಿವ್ಯಾಟ್ ಹೋಗುತ್ತದೆ, ಸದ್ದು 114 ಡೆಸಿಬಲ್ ಮುಟ್ಟಬಲ್ಲದು. ಹಾಡಿನ ಸರಾಸರಿ ಇದಕ್ಕಿಂತ ಕೆಳಗಿರುತ್ತದೆ, ಆದರೂ ಕಡಿಮೆಯದೇನಲ್ಲ. ಸೆನ್ಸಿಟಿವಿಟಿ ಹೆಚ್ಚಿದ್ದಷ್ಟೂ ಅದೇ ಮೆಟ್ಟಿಲಿಗೆ ಹೆಚ್ಚು ಸದ್ದು. ಹಾಗಾಗಿ "ವಾಲ್ಯೂಮ್ 60 ಪರ್ಸೆಂಟ್ ಮೀರಬೇಡಿ" ಎಂಬ ಮಾತು ಒಂದು ಇಯರ್‌ಫೋನಿಗೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಇಯರ್‌ಫೋನ್ ಬದಲಿಸಿದಾಗಲೆಲ್ಲ ಸೊನ್ನೆಯಿಂದಲೇ ಶುರು ಮಾಡಿ.

ಫೋನಿಗೆ ಬೇಲಿ

ಐಫೋನಿನಲ್ಲಿ ಸೆಟ್ಟಿಂಗ್ಸ್, ಸೌಂಡ್ಸ್ ಅಂಡ್ ಹ್ಯಾಪ್ಟಿಕ್ಸ್, ಹೆಡ್‌ಫೋನ್ ಸೇಫ್ಟಿ ಎಂದು ಹೋದರೆ ರಿಡ್ಯೂಸ್ ಲೌಡ್ ಆಡಿಯೊ ಸಿಗುತ್ತದೆ. ಹಚ್ಚಿ, ಗೆರೆಯನ್ನು 80 ಡೆಸಿಬಲ್‌ಗೆ ಎಳೆಯಿರಿ. ವಾರದ ಪಡಿ ಮುಗಿದಾಗ ಸೂಚನೆಯನ್ನೂ ಅದು ಕೊಡುತ್ತದೆ. ಬೇರೆ ಕಂಪನಿಯ ಹೆಡ್‌ಫೋನ್ ಹಾಕಿದರೆ ಅಂಕಿ ಅಂದಾಜಿನದು, ಆಗ 75ಕ್ಕಿಡುವುದು ಒಳ್ಳೆಯದು. ಸ್ಯಾಮ್‌ಸಂಗ್‌ನಲ್ಲಿ ಸೌಂಡ್ಸ್ ಅಂಡ್ ವೈಬ್ರೇಷನ್, ವಾಲ್ಯೂಮ್ ಒಳಗೆ ಮೀಡಿಯಾ ವಾಲ್ಯೂಮ್ ಲಿಮಿಟ್ ಇದೆ, ಪಿನ್ ಹಾಕಿ ಬೀಗವನ್ನೂ ಹಾಕಬಹುದು. ಬೇರೆ ಆಂಡ್ರಾಯ್ಡ್ ಫೋನುಗಳಲ್ಲಿ ಹೆಸರು ಬೇರೆ ಇರುತ್ತದೆ, ಸೆಟ್ಟಿಂಗ್ಸಿನ ಹುಡುಕುಪಟ್ಟಿಯಲ್ಲಿ ವಾಲ್ಯೂಮ್ ಲಿಮಿಟ್ ಎಂದು ಹುಡುಕಿ.

ಬೇಲಿ ಎಲ್ಲಿಗೆ ಹಾಕಬೇಕು ಎಂದು ತಿಳಿಯಲು ಮೀಟರ್ ಬೇಕಿಲ್ಲ. ರಾತ್ರಿ ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಹಾಡಿನ ಪದಗಳು ತಿಳಿಯುವಷ್ಟು ಮಾತ್ರ ವಾಲ್ಯೂಮ್ ಏರಿಸಿ, ಎಷ್ಟನೇ ಮೆಟ್ಟಿಲು ಎಂದು ಎಣಿಸಿಡಿ. ಆಂಡ್ರಾಯ್ಡಿನಲ್ಲಿ ಸಾಮಾನ್ಯವಾಗಿ 15 ಮೆಟ್ಟಿಲು. ಬಸ್ಸಿನಲ್ಲಿ ಎರಡು ಮೂರು ಮೆಟ್ಟಿಲು ಹೆಚ್ಚಾದರೆ ಸರಿ. ಐದಾರು ಬೇಕಾಗುತ್ತಿದೆ ಎಂದರೆ ರಬ್ಬರ್ ಕೂತಿಲ್ಲ, ಇಲ್ಲವೇ ಆ ಹೆಡ್‌ಫೋನ್ ಬಸ್ಸಿನದಲ್ಲ.

ಎಡವುವ ಜಾಗಗಳು

ಒಂದು ಬಡ್ ಸದ್ದು ಕಡಿಮೆಯಾಯಿತು ಎಂದು ವಾಲ್ಯೂಮ್ ಏರಿಸುವ ಮೊದಲು ಅದರ ಮೂತಿಯ ಜಾಲರಿ ನೋಡಿ. ಬೆಳಕಿಗೆ ಹಿಡಿದರೆ ಹಳದಿ ಗುಗ್ಗೆ ತೂತುಗಳನ್ನು ಮೆತ್ತಿರುವುದು ಕಾಣುತ್ತದೆ. ರಬ್ಬರ್ ತೆಗೆದು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಬಡ್ಡನ್ನು ಜಾಲರಿ ಕೆಳಮುಖವಾಗಿ ಹಿಡಿದು ಒಣ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಟ್ಟಿ, ಗುಗ್ಗೆ ಕೆಳಗೆ ಉದುರಲಿ. ಸೂಜಿ ಹಾಕಿದರೆ ಒಳಗಿನ ಪೊರೆ ಹರಿಯುತ್ತದೆ. ಹೀಗೆ ಮುಚ್ಚಿದ ಬಡ್ಡಿಗಾಗಿ ವಾಲ್ಯೂಮ್ ಏರಿಸಿದರೆ ಸರಿಯಿರುವ ಇನ್ನೊಂದು ಬಡ್ ಆ ಕಡೆಯ ಕಿವಿಯನ್ನು ಬಡಿಯುತ್ತದೆ.

ಒಂದೇ ಕಿವಿಗೆ ಹಾಕಿ ಕೇಳುವವರೂ ಗೊತ್ತಿಲ್ಲದೆ ಏರಿಸುತ್ತಾರೆ, ಎರಡು ಕಿವಿ ಸೇರಿ ಕೇಳಿದ್ದಕ್ಕಿಂತ ಒಂದಕ್ಕೆ ಸದ್ದು ಸಣ್ಣದೆನ್ನಿಸುತ್ತದೆ. ಈಕ್ವಲೈಜರಿನಲ್ಲಿ ಬೇಸ್ ಎತ್ತುವ ಬದಲು ಉಳಿದವನ್ನು ಇಳಿಸಿ, ಫಲ ಒಂದೇ, ಒಟ್ಟು ಸದ್ದು ಕಡಿಮೆ. ವಾಲ್ಯೂಮನ್ನು ನೂರು ಪರ್ಸೆಂಟಿಗಿಂತ ಮೇಲೆ ಒಯ್ಯುವ ಬೂಸ್ಟರ್ ಆ್ಯಪ್ ಇದ್ದರೆ ಇವತ್ತೇ ತೆಗೆದುಹಾಕಿ. ಹಾಡು ಹಚ್ಚಿಕೊಂಡೇ ಮಲಗುವವರು ಸ್ಲೀಪ್ ಟೈಮರ್ 20 ನಿಮಿಷಕ್ಕಿಡಿ, ಅಷ್ಟೇನೂ ಜೋರಲ್ಲ ಎನ್ನಿಸಿದ ಸದ್ದೂ ಎಂಟು ತಾಸು ನಡೆದರೆ ಲೆಕ್ಕಕ್ಕೆ ಬರಬಹುದು. ಬೆಳಗಾವಿಯ ಜಿಟಿಜಿಟಿ ಮಳೆಗಾಲದಲ್ಲಿ ಒದ್ದೆ ಕಿವಿಗೆ ರಬ್ಬರ್ ಬಡ್ಸ್ ತುರುಕಿದರೆ ಬೂಷ್ಟು ಹಿಡಿದು ತುರಿಕೆ, ಸೋರುವಿಕೆ ಶುರುವಾಗುತ್ತದೆ. ತಲೆಗೆ ಸ್ನಾನ ಮಾಡಿದ ಮೇಲೆ ಅರ್ಧ ತಾಸು ಬಿಡಿ. ತುರಿಕೆಗೆ ಕಾಯಿಸಿದ ಎಣ್ಣೆ ಹಾಕುವುದು ಬೇಡ, ಹತ್ತಿ ಕಡ್ಡಿಯೂ ಬೇಡ, ಅದು ಗುಗ್ಗೆಯನ್ನು ಇನ್ನೂ ಒಳಗೆ ದಬ್ಬುತ್ತದೆ. ಬಡ್ಸನ್ನು ಗೆಳೆಯರ ನಡುವೆ ಹಂಚಿಕೊಳ್ಳಬೇಡಿ.

ಯಾವಾಗ ತೋರಿಸಬೇಕು

ಜೋರಾಗಿ ಕೇಳಿದ ಮೇಲೆ ಕಿವಿ ಗುಂಯ್ ಎನ್ನುವುದು, ಹತ್ತಿ ತುರುಕಿದಂತೆ ಮಂಕಾಗುವುದು ಕಿವಿಯ ದೂರು. ಒಂದು ರಾತ್ರಿಯಲ್ಲಿ ಹೋದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಅಷ್ಟು ಸದ್ದು ಮತ್ತೆ ಬೇಡ. ಎರಡು ದಿನವಾದರೂ ಹೋಗದಿದ್ದರೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ. ಬೆಳಗಾವಿಯ ಬಿಮ್ಸ್, ಕೆಎಲ್ಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಮೂರೂ ಊರುಗಳಲ್ಲಿ ಈ ವಿಭಾಗ ಇರುವ ಆಸ್ಪತ್ರೆಗಳು.

ಆಡಿಯೋಮೆಟ್ರಿ ಎಂದರೆ ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ಹರ್ಟ್ಸಿನ ಸಣ್ಣ ಸದ್ದು ಕೇಳಿಸಿ, ಕೇಳಿದಾಗ ಗುಂಡಿ ಒತ್ತಿಸುವುದು. ಸೂಜಿಯಿಲ್ಲ, ನೋವಿಲ್ಲ, ಸುಮಾರು ಅರ್ಧ ತಾಸಿನ ಕೆಲಸ. ಅದಕ್ಕೆ ಮೊದಲು ಹದಿನಾರು ತಾಸಾದರೂ ಹೆಡ್‌ಫೋನ್, ಮಗ್ಗ, ಡಿಜೆಯಿಂದ ದೂರವಿರಿ, ಇಲ್ಲದಿದ್ದರೆ ಕಿವಿಯ ದಣಿವೇ ಹಾಳೆಯ ಮೇಲೆ ಬರುತ್ತದೆ. 3,000 ಮತ್ತು 6,000 ಹರ್ಟ್ಸನ್ನೂ ನೋಡಿ ಎಂದು ಕೇಳಿಕೊಳ್ಳಿ, ಎಲ್ಲೆಡೆ ಅವನ್ನು ತಪ್ಪದೆ ಅಳೆಯುವುದಿಲ್ಲ. ಗೆರೆ ಎಲ್ಲೆಡೆ 20 ಡೆಸಿಬಲ್ ಒಳಗಿದ್ದರೆ ಸರಿ. 4,000ದ ಬಳಿ ಬಾವಿಯಂತೆ ಕೆಳಗಿಳಿದು 8,000ಕ್ಕೆ ಮತ್ತೆ ಮೇಲೆ ಬಂದಿದ್ದರೆ ಅದು ಹೆಚ್ಚಾಗಿ ಜೋರು ಸದ್ದಿನ ಗುರುತು. ಆ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.

ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮಾತ್ರ ಎರಡು ದಿನ ನೋಡೋಣ ಎನ್ನಬೇಡಿ. ಗುಗ್ಗೆ ಇರಬೇಕು ಎಂದು ಮನೆಯಲ್ಲಿ ಹನಿ ಹಾಕುತ್ತ ಕೂರಬೇಡಿ. ನರದ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಫಲ, ಮೊದಲ ಮೂರು ದಿನದೊಳಗಾದರೆ ಇನ್ನೂ ಒಳ್ಳೆಯದು. ಅವತ್ತೇ ಮೊದಲ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ.